ಮರದಿಂದ ಜೋತಾಡುವ ಕಲ್ಲುಹೂಗಳು: ಗುರುತಿಸುವುದು ಹೇಗೆ?

ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿ, ಬ್ರಹ್ಮಗಿರಿ – ಈ ಬೆಟ್ಟಸಾಲುಗಳ ಎತ್ತರದ ಕಣಿವೆಗಳಲ್ಲಿ ಶೋಲಾ ಕಾಡುಗಳಿವೆ. ವರ್ಷದ ಹಲವು ತಿಂಗಳು ಮಂಜು ಮುಸುಕಿರುವ ಈ ಕಾಡುಗಳನ್ನು ನೀವು ಹೊಕ್ಕಿದ್ದರೆ, ಕೊಂಬೆಗಳಿಂದ ಇಳಿಬಿದ್ದ ಬೂದುಹಸಿರು ಬಣ್ಣದ ಗಡ್ಡದಂಥ ಎಳೆಗಳನ್ನು ನೋಡಿರಬಹುದು. 'ಇದೇನು?' ಎಂದು ವಿದ್ಯಾರ್ಥಿಗಳು ಕೇಳಿದರೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ – 'ಪಾಚಿ'. ಬಾವಿಕಟ್ಟೆಯ ಮೇಲಿನ ಹಸಿರೂ ಪಾಚಿ, ಕೆರೆಯ ನೀರಿನಲ್ಲಿ ತೇಲುವುದೂ ಪಾಚಿ, ಮರದಿಂದ ಜೋತಾಡುವುದೂ ಪಾಚಿ! ಆದರೆ ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಜೀವಿಗಳು. ಮರದಿಂದ ಜೋತಾಡುವುದರಲ್ಲೇ ಹಲವು ಬಗೆಗಳಿವೆ.

ಇವುಗಳಲ್ಲಿ ಕೆಲವು ಗಾಳಿಯ ಶುದ್ಧತೆಯನ್ನು ಸೂಚಿಸುತ್ತವೆ, ಕೆಲವು ಪ್ರಾಣಿಗಳಿಗೆ ಆಹಾರ, ಕೆಲವು ವಿಷಕಾರಿ. ಆದ್ದರಿಂದ ಹೆಸರಿನಲ್ಲಿ ತಪ್ಪಾದರೆ ಅದರ ಮೇಲೆ ನಿಂತ ತೀರ್ಮಾನವೂ ತಪ್ಪಾಗುತ್ತದೆ. ಭೌತವಿಜ್ಞಾನದಲ್ಲಿ ಅಳತೆ ಹೇಗೋ ಜೀವವಿಜ್ಞಾನದಲ್ಲಿ ಹೆಸರಿಸುವುದು ಹಾಗೆ. ಎಷ್ಟು ನಿಖರವಾಗಿ ಹೇಳಬಲ್ಲೆವು, ಎಲ್ಲಿ ನಿಲ್ಲಿಸಬೇಕು ಎಂಬ ಅರಿವಿಲ್ಲದೆ ಅದನ್ನು ಮಾಡುವಂತಿಲ್ಲ. ದುಬಾರಿ ಉಪಕರಣಗಳಿಲ್ಲದೆ ಎಷ್ಟು ದೂರ ಹೋಗಬಹುದೆಂದು ನೋಡೋಣ.

ಕಲ್ಲುಹೂ ಎಂದರೇನು?

ಕಲ್ಲುಹೂ ಅಥವಾ ಲೈಕೆನ್ ಒಂದೇ ಜೀವಿಯಲ್ಲ. ಅದು ಒಂದು ಶಿಲೀಂಧ್ರವೂ ಒಂದು ಶೈವಲವೂ ಕೂಡಿ ಬಾಳುವ ಸಹಜೀವನ. ಶಿಲೀಂಧ್ರ ಮನೆ ಕಟ್ಟುತ್ತದೆ. ಶೈವಲ ದ್ಯುತಿಸಂಶ್ಲೇಷಣೆ ನಡೆಸಿ ಆಹಾರ ಒದಗಿಸುತ್ತದೆ. ಕೆಲವು ಕಲ್ಲುಹೂಗಳಲ್ಲಿ ಹಸಿರು ಶೈವಲದ ಬದಲು ಅಥವಾ ಅದರ ಜೊತೆಗೆ ಸಯನೊಬ್ಯಾಕ್ಟೀರಿಯ ಇರುತ್ತದೆ. ಸ್ವಿಟ್ಜರ್‌ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಈ ಜೋಡಿ ಸ್ವರೂಪವನ್ನು ಮಂಡಿಸಿದಾಗ ಅಂದಿನ ಅನೇಕ ತಜ್ಞರು ಒಪ್ಪಲಿಲ್ಲ. ಈಗ ಅದು ಪಠ್ಯಪುಸ್ತಕದ ಮಾತು. ಕಲ್ಲುಹೂವಿಗೆ ಇಡುವ ವೈಜ್ಞಾನಿಕ ಹೆಸರು ವಾಸ್ತವವಾಗಿ ಅದರಲ್ಲಿರುವ ಶಿಲೀಂಧ್ರದ ಹೆಸರು.

ಆಕಾರದ ಮೇಲೆ ಕಲ್ಲುಹೂಗಳನ್ನು ಮೂರು ಗುಂಪು ಮಾಡುವ ರೂಢಿಯಿದೆ. ಬಂಡೆಗೋ ತೊಗಟೆಗೋ ಬಣ್ಣ ಬಳಿದಂತೆ ಅಂಟಿಕೊಂಡವು ಮೊದಲನೆಯವು. ಎಲೆಯಂತೆ ಹರಡಿದವು ಎರಡನೆಯವು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಈ ಗುಂಪಿಗೆ ಸೇರಿದೆ. ಪೊದೆಯಂತೆ ನಿಂತವು ಅಥವಾ ದಾರದಂತೆ ಇಳಿಬಿದ್ದವು ಮೂರನೆಯವು. ನಮಗೆ ಈಗ ಬೇಕಾದದ್ದು ಈ ಮೂರನೆಯ ಗುಂಪು.

ಕಲ್ಲುಹೂ ಮರದ ಮೇಲಿದ್ದರೂ ಮರದಿಂದ ಆಹಾರ ಹೀರುವುದಿಲ್ಲ. ಅದಕ್ಕೆ ಬೇರಿಲ್ಲ. ಆದ್ದರಿಂದ ಅದು ಬಂದಳಿಕೆಯಂತೆ ಪರಾವಲಂಬಿಯಲ್ಲ. ಒಣಗುತ್ತಿರುವ ಕೊಂಬೆಗಳಲ್ಲಿ ಕಲ್ಲುಹೂ ಹೆಚ್ಚಾಗಿ ಕಂಡರೆ, ಎಲೆ ಉದುರಿ ಅಲ್ಲಿ ಬೆಳಕು ಹೆಚ್ಚಿರುವುದೂ ಅದಕ್ಕೆ ಒಂದು ಕಾರಣ. ಮರ ಸಾಯಲು ಕಲ್ಲುಹೂ ಕಾರಣವಲ್ಲ.

ಮೊದಲು ಬೇರ್ಪಡಿಸಬೇಕಾದವು

ಜೋತಾಡುವುದೆಲ್ಲ ಕಲ್ಲುಹೂವಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್ ಒಂದಿದ್ದರೆ ಮುಖ್ಯವಾದ ಮೂರು 'ವೇಷಧಾರಿ'ಗಳನ್ನು ಸುಲಭವಾಗಿ ಬೇರ್ಪಡಿಸಬಹುದು.

ಮೊದಲನೆಯದು ಹಾವಸೆ ಸಸ್ಯಗಳು. ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಮೀಟಿಯೋರಿಯೇಸಿ ಕುಟುಂಬದ ಹಾವಸೆಗಳು ಕೊಂಬೆಗಳಿಂದ ಉದ್ದುದ್ದ ಇಳಿಬೀಳುತ್ತವೆ. ಲೆನ್ಸಿನಲ್ಲಿ ನೋಡಿದರೆ ಎಳೆಯ ಸುತ್ತ ಪುಟ್ಟ ಪುಟ್ಟ ಎಲೆಗಳು ಕಾಣುತ್ತವೆ. ಕಲ್ಲುಹೂವಿನಲ್ಲಿ ಎಂದೂ ಅಂಥ ಎಲೆಗಳಿರುವುದಿಲ್ಲ.

ಎರಡನೆಯದು 'ಸ್ಪ್ಯಾನಿಷ್ ಮಾಸ್' ಎಂದು ಸಸ್ಯತೋಟಗಳಲ್ಲಿ ಮಾರುವ ಬೂದುಬಣ್ಣದ ಜಟೆ. ಹೆಸರಿನಲ್ಲಿ ಮಾಸ್ ಇದ್ದರೂ ಇದು ಹಾವಸೆಯಲ್ಲ, ಕಲ್ಲುಹೂವೂ ಅಲ್ಲ. ಅನಾನಸ್ ಕುಟುಂಬಕ್ಕೆ ಸೇರಿದ ಹೂಬಿಡುವ ಸಸ್ಯ. ಇದರ ತವರು ಅಮೆರಿಕ ಖಂಡಗಳು. ವೈಜ್ಞಾನಿಕ ಹೆಸರು ಟಿಲಾಂಡ್ಸಿಯ ಅಸ್ನಿಯಾಯ್ಡಿಸ್. ಅಂದರೆ 'ಅಸ್ನಿಯದಂತೆ ಕಾಣುವುದು'. ಅಸ್ನಿಯ ಎಂಬುದೇ ನಮ್ಮ ಗಡ್ಡದ ಕಲ್ಲುಹೂ. ಹೆಸರಿಟ್ಟವರೇ ಹೋಲಿಕೆಯನ್ನು ಒಪ್ಪಿಕೊಂಡಿದ್ದಾರೆ! ಈ ಸಸ್ಯದ ಕಾಂಡವನ್ನು ಕೆರೆದರೆ ಒಳಗೆ ಕಪ್ಪು ಕುದುರೆಗೂದಲಿನಂಥ ನಾರು ಸಿಗುತ್ತದೆ. ಹಿಂದೆ ಅಮೆರಿಕದಲ್ಲಿ ಇದನ್ನು ಹಾಸಿಗೆ, ಕುರ್ಚಿಗಳಿಗೆ ತುಂಬುತ್ತಿದ್ದರು. ಕಪ್ಪು ನಾರು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಕುದುರೆಗೂದಲ ಶಿಲೀಂಧ್ರ. ಮಳೆಕಾಡುಗಳಲ್ಲಿ ಮರಾಸ್ಮಿಯಸ್ ಜಾತಿಯ ಕೆಲವು ಅಣಬೆಗಳು ಕೊಂಬೆಯಿಂದ ಕೊಂಬೆಗೆ ಕಪ್ಪನೆಯ, ನುಣುಪಾದ, ಗಟ್ಟಿಯಾದ ತಂತುಗಳನ್ನು ಹರಡುತ್ತವೆ. ಇವು ಬರೀ ಶಿಲೀಂಧ್ರ. ಶೈವಲವಿಲ್ಲದ್ದರಿಂದ ನೀರು ಹನಿಸಿದರೂ ಹಸಿರಾಗುವುದಿಲ್ಲ.

ಇಲ್ಲಿ ಒಂದು ಸರಳ ಪ್ರಯೋಗವಿದೆ. ಒಣಗಿದ ಬೂದುಬಣ್ಣದ ಕಲ್ಲುಹೂವಿನ ಮೇಲೆ ಎರಡು ಹನಿ ನೀರು ಹಾಕಿ. ಸ್ವಲ್ಪ ಹೊತ್ತಿನಲ್ಲೇ ಅದು ಹಸಿರೇರುತ್ತದೆ. ಒಣಗಿದಾಗ ಹೊರಪದರದ ಸಂದುಗಳಲ್ಲಿ ಗಾಳಿ ತುಂಬಿ ಬೆಳಕನ್ನು ಚದರಿಸುತ್ತದೆ. ಆದ್ದರಿಂದ ಅದು ಮಸುಕಾಗಿ ಕಾಣುತ್ತದೆ. ಆ ಜಾಗಕ್ಕೆ ನೀರು ಬಂದಾಗ ವಕ್ರೀಭವನ ಸೂಚ್ಯಂಕಗಳ ಅಂತರ ಕಡಿಮೆಯಾಗಿ ಪದರ ಪಾರಕವಾಗುತ್ತದೆ, ಒಳಗಿನ ಶೈವಲದ ಹಸಿರು ಹೊರಗೆ ಕಾಣುತ್ತದೆ. ಎಣ್ಣೆ ಬಿದ್ದ ಕಾಗದ ಅರೆಪಾರದರ್ಶಕವಾಗುವುದೂ ಇದೇ ಕಾರಣಕ್ಕೆ. ಆದರೆ ಕಂದು, ಕಪ್ಪು ಬಣ್ಣದ ಕಲ್ಲುಹೂಗಳಲ್ಲಿ ಈ ಬದಲಾವಣೆ ಎದ್ದು ಕಾಣದಿರಬಹುದು.

ಎಳೆದು ನೋಡಿ

ಈಗ ಮುಖ್ಯ ಪರೀಕ್ಷೆಗೆ ಬರೋಣ. ಎಳೆಯನ್ನು ನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ. ಒಣ ಎಳೆ ಚಟಕ್ಕನೆ ಮುರಿಯುತ್ತದೆ, ಪರೀಕ್ಷೆ ಕೆಡುತ್ತದೆ. ತುದಿಯ ಸಪೂರ ಕವಲನ್ನು ಬಿಟ್ಟು ದಪ್ಪನೆಯ ಮುಖ್ಯ ಕವಲನ್ನು ಆಯ್ದುಕೊಳ್ಳಿ. ಎರಡು ಬೆರಳುಗಳ ನಡುವೆ 1 ರಿಂದ 2 ಸೆಂ.ಮೀ. ಅಂತರದಲ್ಲಿ ಹಿಡಿದು, ನಿಧಾನವಾಗಿ ಎರಡೂ ಕಡೆಗೆ ಎಳೆಯಿರಿ.

ಹೊರಗಿನ ಸಿಪ್ಪೆ ಬಳೆಬಳೆಯಾಗಿ ಬಿರಿದು, ಒಳಗಿನಿಂದ ರಬ್ಬರಿನಂತೆ ಹಿಗ್ಗುವ ಬಿಳಿಯ ದಾರವೊಂದು ಹೊರಬಂದರೆ ಅದು ಅಸ್ನಿಯ. ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆ ಸೀಳಿ ಒಳಗಿನ ತಾಮ್ರ ಕಂಡಂತೆ. ಜೋತಾಡುವ ಇತರ ಕಲ್ಲುಹೂಗಳನ್ನು ಎಳೆದರೆ ಇಡೀ ಎಳೆ ಒಮ್ಮೆಗೇ ತುಂಡಾಗುತ್ತದೆ. ಸ್ಪ್ಯಾನಿಷ್ ಮಾಸ್‌ನಲ್ಲೂ ಒಳಗೆ ನಾರಿದೆ, ನಿಜ. ಆದರೆ ಅದು ಕಪ್ಪು, ಅಸ್ನಿಯದ್ದು ಬಿಳಿ. 'ಒಳಗೆ ದಾರವಿದೆ' ಎಂದಷ್ಟೇ ಬರೆದುಕೊಳ್ಳುವುದಕ್ಕೂ 'ಬಿಳಿಯ, ಹಿಗ್ಗುವ ದಾರವಿದೆ' ಎಂದು ಬರೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದು.

ಅಸ್ನಿಯದ ಎಳೆಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಲೆನ್ಸಿನಲ್ಲಿ ನೋಡಿ. ಹೊರಗೆ ಹಳದಿಹಸಿರು ಸಿಪ್ಪೆ, ಅದರ ಕೆಳಗೆ ಶೈವಲದ ತೆಳು ಹಸಿರು ಪದರ, ನಂತರ ಹತ್ತಿಯಂತೆ ಸಡಿಲವಾದ ಬಿಳಿ ಪದರ, ನಟ್ಟನಡುವೆ ಗಟ್ಟಿಯಾದ ದಾರ. ನಡುದಾರದಲ್ಲಿ ಶಿಲೀಂಧ್ರದ ತಂತುಗಳು ಉದ್ದಕ್ಕೂ ಒತ್ತಾಗಿ ಜೋಡಣೆಯಾಗಿವೆ – ತೆಂಗಿನ ನಾರಿನ ಹಗ್ಗದಂತೆ. ಎಳೆತವನ್ನು ತಡೆಯಲು ಇದು ತಕ್ಕ ಜೋಡಣೆ. ಸಡಿಲ ಪದರದ ಸಂದುಗಳಲ್ಲಿ ಗಾಳಿಯಾಡಿ ಶೈವಲಕ್ಕೆ ಕಾರ್ಬನ್ ಡೈಆಕ್ಸೈಡ್ ತಲುಪುತ್ತದೆ.

ಎರಡು ಎಚ್ಚರಿಕೆಗಳಿವೆ. ಉಷ್ಣವಲಯದ ಕೆಲವು ಅಸ್ನಿಯಗಳಲ್ಲಿ ನಡುದಾರ ಗಟ್ಟಿಯಾಗಿರದೆ ಕೊಳವೆಯಂತೆ ಟೊಳ್ಳಾಗಿರುತ್ತದೆ. ಹಿಮಾಲಯದಲ್ಲಿರುವ ಅಸ್ನಿಯ ಲಾಂಗಿಸ್ಸಿಮದಲ್ಲಿ ಮುಖ್ಯ ಎಳೆಯ ಸಿಪ್ಪೆ ಬಹುಪಾಲು ಉದುರಿಹೋಗಿ ನಡುದಾರವೇ ಹೊರಗೆ ಕಾಣುತ್ತದೆ. ಇದರ ಮುಖ್ಯ ಎಳೆ ಹೆಚ್ಚು ಕವಲೊಡೆಯದೆ ಉದ್ದಕ್ಕೆ ಸಾಗುತ್ತದೆ. ಎರಡೂ ಬದಿಗಳಲ್ಲಿ ಗಿಡ್ಡ ಕವಲುಗಳು ಮೀನಿನ ಮುಳ್ಳಿನಂತೆ ಚಾಚಿಕೊಂಡಿರುತ್ತವೆ. 3 ಮೀಟರ್ ಉದ್ದದ ಎಳೆಗಳೂ ಸಿಗುವ ಇದು ಜಗತ್ತಿನ ಅತಿ ಉದ್ದದ ಕಲ್ಲುಹೂ. ಈಗ ಇದನ್ನು ಡೋಲಿಕೊಅಸ್ನಿಯ ಎಂಬ ಬೇರೆ ಜಾತಿಗೆ ಸೇರಿಸುವವರೂ ಇದ್ದಾರೆ.

ನಡುದಾರ ಸಿಗದಿದ್ದರೆ?

ಆಗ ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಳ್ಳಿ.

1. ಎಳೆ ದುಂಡಗಿದೆಯೋ, ಚಪ್ಪಟೆಯಾಗಿದೆಯೋ? ರಿಬ್ಬನ್ನಿನಂತೆ ಚಪ್ಪಟೆಯಾಗಿದ್ದು, ಎರಡೂ ಮುಖಗಳು ಒಂದೇ ಹಳದಿಹಸಿರು ಬಣ್ಣದಲ್ಲಿದ್ದರೆ ಅದು ಬಹುಶಃ ರಾಮಲೈನ. ಪಶ್ಚಿಮ ಘಟ್ಟದಲ್ಲಿ ಇದರ ಹಲವು ಪ್ರಭೇದಗಳಿವೆ. ಅಮೆರಿಕದ ಪಶ್ಚಿಮ ಕರಾವಳಿಯ ರಾಮಲೈನ ಮೆಂಜೀಸಿಯೈ ಮೀನಿನ ಬಲೆಯಂತೆ ಹೆಣೆದುಕೊಂಡು ಜೋತಾಡುತ್ತದೆ. 2016ರಿಂದ ಇದು ಕ್ಯಾಲಿಫೋರ್ನಿಯದ 'ರಾಜ್ಯ ಕಲ್ಲುಹೂ'.

2. ಚಪ್ಪಟೆ ಎಳೆಯ ಮೇಲ್ಭಾಗ ಬೂದುಬಿಳುಪು, ಕೆಳಭಾಗ ಅಚ್ಚ ಬಿಳುಪು, ಅಂಚಿನಲ್ಲಿ ಕಪ್ಪು ರೋಮಗಳು – ಹೀಗಿದ್ದರೆ ಅದು ಹೆಟೆರೊಡರ್ಮಿಯ ಲ್ಯೂಕೊಮೆಲೋಸ್ ಇರಬಹುದು. ಇದೂ ನಮ್ಮ ಘಟ್ಟಗಳಲ್ಲಿದೆ.

3. ದುಂಡಗಿನ ಎಳೆಯ ಬಣ್ಣ ಕಿತ್ತಳೆಯೇ? ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲೂ ದಾಖಲಾಗಿರುವ ಟೆಲೋಸ್ಕಿಸ್ಟಿಸ್ ಫ್ಲೇವಿಕ್ಯಾನ್ಸ್ ಎಂಬುದನ್ನು ಪರಿಶೀಲಿಸಿ.

4. ಬಣ್ಣ ಕಂದು ಅಥವಾ ಕಪ್ಪೇ? ಹಿಮಾಲಯ, ಉತ್ತರ ಅಮೆರಿಕ, ಉತ್ತರ ಯುರೋಪಿನ ತಂಪು ಕಾಡುಗಳಲ್ಲಾದರೆ ಅದು ಬ್ರಯೋರಿಯ ಇರಬಹುದು. ಕರ್ನಾಟಕದ ಕಾಡಿನಲ್ಲಿ ಕಪ್ಪು ದಾರ ಕಂಡರೆ ಮೊದಲು ನೆನಪಾಗಬೇಕಾದದ್ದು ಮೇಲೆ ಹೇಳಿದ ಕುದುರೆಗೂದಲ ಶಿಲೀಂಧ್ರ.

5. ತಿಳಿ ಹಳದಿಹಸಿರು, ದುಂಡಗೆ, ಅಸ್ನಿಯದಂತೆಯೇ ಇದೆ, ಆದರೆ ದಾರವಿಲ್ಲ. ಮೈಮೇಲೆ ಉಬ್ಬಿದ ಬಿಳಿಯ ಗೀರುಗಳಿವೆ. ಉತ್ತರದ ತಂಪು ಕಾಡುಗಳಲ್ಲಾದರೆ ಇದು ಅಲೆಕ್ಟೋರಿಯ. ಹಿಮಾಲಯದಲ್ಲಿ, ಎಳೆಯ ಉದ್ದಕ್ಕೂ ಕಾಲುವೆಯಂಥ ಗೀರು ಇದ್ದರೆ ಸಲ್ಕೇರಿಯ.

ಸ್ಥಳ ತಿಳಿಯದೆ ಹೆಸರು ಹೇಳಬಾರದು ಎಂಬುದನ್ನು ಈ ಪಟ್ಟಿಯೇ ಸೂಚಿಸುತ್ತದೆ.

ದಾರ ಏಕೆ ಬೇಕಾಯಿತು?

ಭೌತವಿಜ್ಞಾನದ ವಿದ್ಯಾರ್ಥಿಗೆ ಇಲ್ಲೊಂದು ಒಳ್ಳೆಯ ಲೆಕ್ಕವಿದೆ. 3 ಮೀಟರ್ ಉದ್ದ, 1 ಮಿ.ಮೀ. ವ್ಯಾಸದ ಒದ್ದೆ ಎಳೆಯೊಂದು ಜೋತಾಡುತ್ತಿದೆ ಎನ್ನಿ. ಸಾಂದ್ರತೆ ನೀರಿನಷ್ಟೇ ಎಂದುಕೊಂಡರೆ ಅದರ ದ್ರವ್ಯರಾಶಿ ಸುಮಾರು 2.4 ಗ್ರಾಂ, ತೂಕ ಸುಮಾರು 0.023 ನ್ಯೂಟನ್. ಮೇಲ್ತುದಿಯಲ್ಲಿ ಬೀಳುವ ಪೀಡನ ಎಂದರೆ ಸಾಂದ್ರತೆ, ಗುರುತ್ವ ಮತ್ತು ಉದ್ದಗಳ ಗುಣಲಬ್ಧ – ಸುಮಾರು 30,000 ಪಾಸ್ಕಲ್. ಈ ಸೂತ್ರದಲ್ಲಿ ದಪ್ಪದ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಇದು ವಾಯುಮಂಡಲದ ಒತ್ತಡದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸಾಮಾನ್ಯ ನಾರಿಗೆ ಇದು ಹೊರೆಯೇ ಅಲ್ಲ.

ಅಪಾಯ ಇರುವುದು ಗಾಳಿಯಲ್ಲಿ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಅದೇ ಎಳೆಗೆ ಅಡ್ಡಲಾಗಿ ಬೀಸಿದರೆ, ಕರ್ಷಣ ಗುಣಾಂಕವನ್ನು 1 ಎಂದಿಟ್ಟುಕೊಂಡಾಗ ಬಲ ಸುಮಾರು 0.18 ನ್ಯೂಟನ್. ಅಂದರೆ ತೂಕದ ಏಳೆಂಟು ಪಟ್ಟು! ಎಳೆ ಗಾಳಿಯ ದಿಕ್ಕಿಗೆ ಬಾಗಿ ಹಾರುವುದರಿಂದ ನಿಜವಾದ ಬಲ ಇದಕ್ಕಿಂತ ಕಡಿಮೆ. ಆದರೆ ಪಕ್ಕದ ಕವಲುಗಳು ಅದನ್ನು ಮತ್ತೆ ಹೆಚ್ಚಿಸುತ್ತವೆ. ಹಿಗ್ಗುವ ನಡುದಾರವಿದ್ದರೆ ಗಾಳಿಯ ಹಠಾತ್ ಜಗ್ಗುವಿಕೆಯನ್ನು ಅದು ನುಂಗಿಕೊಳ್ಳುತ್ತದೆ.

ಇಷ್ಟು ತೆಳ್ಳಗೆ ಇಳಿಬಿದ್ದು ಗಾಳಿಗೆ ಒಡ್ಡಿಕೊಳ್ಳುವುದರ ಲಾಭವೇನು? ಉತ್ತರ ಮಂಜಿನಲ್ಲಿದೆ. ಉರುಳೆಯಾಕಾರದ ವಸ್ತುವಿನ ಪಕ್ಕದ ಮೈವಿಸ್ತೀರ್ಣವನ್ನು ಘನಗಾತ್ರದಿಂದ ಭಾಗಿಸಿದರೆ 4/ವ್ಯಾಸ ಬರುತ್ತದೆ. 2 ಮಿ.ಮೀ. ಕಡ್ಡಿಗೆ ಪ್ರತಿ ಘನ ಮಿ.ಮೀ.ಗೆ 2 ಚದರ ಮಿ.ಮೀ. ಮೈ, 0.5 ಮಿ.ಮೀ. ಎಳೆಗೆ 8. ಇದರ ಜೊತೆಗೆ, ದಪ್ಪ ಕೊಂಬೆಯ ಸುತ್ತ ಗಾಳಿ ಬಳಸಿ ಹೋಗುವಾಗ ಮಂಜಿನ ಸೂಕ್ಷ್ಮ ಹನಿಗಳೂ ಅದರೊಂದಿಗೆ ಬಳಸಿ ಹೋಗುತ್ತವೆ. ತೆಳು ಎಳೆಯ ಬಳಿ ಗಾಳಿ ಥಟ್ಟನೆ ತಿರುಗುತ್ತದೆ. ಜಡತ್ವವಿರುವ ಹನಿ ತಿರುಗಲಾರದೆ ಎಳೆಗೆ ಬಡಿಯುತ್ತದೆ. ಹೀಗೆ ಈ ಜಟೆ ಮಂಜು ಹಿಡಿಯುವ ಬಲೆಯಾಗುತ್ತದೆ. ಹಸಿರು ಶೈವಲವಿರುವ ಕಲ್ಲುಹೂಗಳಿಗೆ ಇನ್ನೊಂದು ಅನುಕೂಲವಿದೆ. ದ್ರವರೂಪದ ನೀರಿಲ್ಲದೆ, ತೇವಭರಿತ ಗಾಳಿಯ ಆವಿಯಿಂದಲೇ ಅವು ದ್ಯುತಿಸಂಶ್ಲೇಷಣೆಯನ್ನು ಪುನಃ ಆರಂಭಿಸಬಲ್ಲವು ಎಂದು ಜರ್ಮನಿಯ ಓಟೊ ಲಾಂಗೆ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದರು. ಸಯನೊಬ್ಯಾಕ್ಟೀರಿಯ ಇರುವ ಕಲ್ಲುಹೂಗಳಿಗೆ ಇದು ಸಾಧ್ಯವಿಲ್ಲ. ಅವಕ್ಕೆ ದ್ರವರೂಪದ ನೀರೇ ಬೇಕು.

ಜಾತಿಯಿಂದ ಪ್ರಭೇದಕ್ಕೆ

ಇಲ್ಲಿಯವರೆಗೆ ನಾವು ತಲುಪಿರುವುದು ಜಾತಿಯ ಮಟ್ಟಕ್ಕೆ. ಭಾರತದಲ್ಲಿ 2,000ಕ್ಕೂ ಹೆಚ್ಚು ಪ್ರಭೇದದ ಕಲ್ಲುಹೂಗಳಿವೆ. ಅಸ್ನಿಯ ಒಂದರಲ್ಲೇ 50ಕ್ಕೂ ಹೆಚ್ಚು. ಪಶ್ಚಿಮ ಘಟ್ಟದ ಹೆಸರನ್ನೇ ಹೊತ್ತ ಅಸ್ನಿಯ ಘಟ್ಟೆನ್ಸಿಸ್ ಅವುಗಳಲ್ಲೊಂದು. ಪ್ರಭೇದವನ್ನು ತಿಳಿಯಲು ಇನ್ನೂ ಹಲವು ಲಕ್ಷಣಗಳನ್ನು ಬರೆದುಕೊಳ್ಳಬೇಕು: ಬುಡದ ಬಣ್ಣ ಕಪ್ಪೋ ತಿಳಿಯೋ, ಮೈಮೇಲೆ ಗುಳ್ಳೆಗಳಿವೆಯೋ, ಹಿಟ್ಟಿನಂಥ ಪುಡಿ ಉದುರುವ ಕಲೆಗಳಿವೆಯೋ, ಸಿಪ್ಪೆಯಲ್ಲಿ ಕೆಂಪು ಛಾಯೆ ಇದೆಯೋ, ತಟ್ಟೆಯಾಕಾರದ ಬೀಜಕ ಫಲಗಳಿವೆಯೋ ಇತ್ಯಾದಿ.

ಅಳತೆಯೂ ಒಂದು ಲಕ್ಷಣ. ಅಡ್ಡ ಕೊಯ್ದ ಎಳೆಯಲ್ಲಿ ಸಿಪ್ಪೆ, ಸಡಿಲ ಪದರ ಮತ್ತು ನಡುದಾರಗಳ ದಪ್ಪವನ್ನು ಒಟ್ಟು ವ್ಯಾಸದ ಶೇಕಡಾವಾರು ಪ್ರಮಾಣದಲ್ಲಿ ಹೇಳುತ್ತಾರೆ. ಉದಾಹರಣೆಗೆ, ವ್ಯಾಸ 1 ಮಿ.ಮೀ., ಸಿಪ್ಪೆ 0.05 ಮಿ.ಮೀ., ಸಡಿಲ ಪದರ 0.25 ಮಿ.ಮೀ., ನಡುದಾರ 0.4 ಮಿ.ಮೀ. ಎನ್ನಿ. ಆಗ ಕ್ರಮವಾಗಿ ಶೇ. 5, 25 ಮತ್ತು 40. ಸಿಪ್ಪೆಯೂ ಸಡಿಲ ಪದರವೂ ನಡುದಾರದ ಎರಡೂ ಬದಿಗಳಲ್ಲಿ ಇರುವುದರಿಂದ ಅವನ್ನು ಎರಡು ಸಲ ಕೂಡಿದರೆ 100 ಬರಬೇಕು. ಬರದಿದ್ದರೆ ಅಳತೆಯಲ್ಲಿ ದೋಷವಿದೆ. ಭೌತವಿಜ್ಞಾನ ಪ್ರಯೋಗಾಲಯದ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇದಕ್ಕೆ ಸಾಕು. ಅದರ ಅತಿ ಚಿಕ್ಕ ಅಳತೆ ಸಾಮಾನ್ಯವಾಗಿ 0.01 ಮಿ.ಮೀ. ಅಂದರೆ ನಡುದಾರದ ಅಳತೆ ವಿಶ್ವಾಸಾರ್ಹ, 0.05 ಮಿ.ಮೀ. ಸಿಪ್ಪೆಯ ಅಳತೆಯಲ್ಲಿ ಮಾತ್ರ ಶೇ. 20ರಷ್ಟು ಅನಿಶ್ಚಿತತೆ ಉಳಿಯುತ್ತದೆ. ಹಲವು ಕೊಯ್ತಗಳ ಸರಾಸರಿ ತೆಗೆಯುವುದು ಅದಕ್ಕಾಗಿಯೇ.

ಮುಂದಿನದು ರಾಸಾಯನಿಕ ಪರೀಕ್ಷೆ. ಕಲ್ಲುಹೂಗಳು ತಮ್ಮದೇ ಆದ ನೂರಾರು ಸಂಯುಕ್ತಗಳನ್ನು ತಯಾರಿಸುತ್ತವೆ. ಅಸ್ನಿಯದ ಹಳದಿಹಸಿರಿಗೆ ಕಾರಣ ಅಸ್ನಿಕ್ ಆಮ್ಲ. ಫಿನ್‌ಲೆಂಡ್ ಮೂಲದ ವಿಲಿಯಂ ನೈಲಾಂಡರ್ 1866ರಲ್ಲಿ ಹನಿ ಪರೀಕ್ಷೆಗಳನ್ನು ಬಳಕೆಗೆ ತಂದ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿಯನ್ನು ಎಳೆಯ ಸಡಿಲ ಪದರಕ್ಕೆ ಮುಟ್ಟಿಸಿದಾಗ ಹಳದಿಯಾಗಿ ನಂತರ ಕೆಂಪಾದರೆ ನಾರ್ಸ್ಟಿಕ್ಟಿಕ್ ಅಥವಾ ಸಲಾಜಿನಿಕ್ ಆಮ್ಲವಿರಬಹುದು. ಅದೇ ಹನಿ ಕಿತ್ತಳೆ ಬಣ್ಣದ ಟೆಲೋಸ್ಕಿಸ್ಟಿಸ್‌ನ ಮೈಮೇಲೆ ಬಿದ್ದರೆ ಅಚ್ಚ ನೇರಳೆಗೆಂಪು ಮೂಡುತ್ತದೆ. ಅದರಲ್ಲಿರುವ ಪ್ಯಾರಿಯೆಟಿನ್ ಇದಕ್ಕೆ ಕಾರಣ. ಎರಡನೆಯ ಕಾರಕ ಬಟ್ಟೆ ಬಿಳುಪುಗೊಳಿಸುವ ಹೈಪೋಕ್ಲೋರೈಟ್ ದ್ರಾವಣ. ಮೂರನೆಯದು ಜಪಾನಿನ ಅಸಾಹಿನ ಬಳಕೆಗೆ ತಂದ ಪ್ಯಾರಾಫಿನೈಲೀನ್ ಡೈಅಮೀನ್. ಇದು ವಿಷಕಾರಿ, ಶಾಲೆಗಳಲ್ಲಿ ಬಳಸಲೇಬಾರದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಅಧ್ಯಾಪಕರೇ ಕೈಗವಸು, ಕನ್ನಡಕ ಧರಿಸಿ ತೋರಿಸುವುದು ಕ್ಷೇಮ.

ಒಂದೇ ಬಣ್ಣ ಕೊಡುವ ಸಂಯುಕ್ತಗಳು ಹಲವಿರುವುದರಿಂದ ಹನಿ ಪರೀಕ್ಷೆ ಸುಳಿವು ಮಾತ್ರ. ಖಚಿತ ಉತ್ತರಕ್ಕೆ ತೆಳುಪದರ ವರ್ಣಲೇಖನ ಬೇಕು. ಹಲವು ವೇಳೆ ಡಿಎನ್‌ಎ ಕೂಡ.

ರೂಪ ಒಂದೇ, ಗುಣ ಬೇರೆ

ಉತ್ತರ ಅಮೆರಿಕದ ವಾಯವ್ಯ ಭಾಗದ ಒಳನಾಡಿನಲ್ಲಿ ಬ್ರಯೋರಿಯ ಫ್ರೆಮಾಂಟಿಯೈ ಎಂಬ ಕಂದು ಜಟೆ ಬೆಳೆಯುತ್ತದೆ. ಅಲ್ಲಿನ ಮೂಲನಿವಾಸಿಗಳು ಅದನ್ನು 'ವಿಲ' ಎಂದು ಕರೆದು, ನೆಲದೊಳಗೆ ಕುಳಿ ತೋಡಿ ಬೇಯಿಸಿ ತಿನ್ನುತ್ತಿದ್ದರು. ಅದೇ ಕಾಡಿನಲ್ಲಿ ಅದರಂತೆಯೇ ಇರುವ, ಸ್ವಲ್ಪ ಹಳದಿ ಛಾಯೆಯ ಬ್ರಯೋರಿಯ ಟಾರ್ಟುವೋಸ ಕೂಡ ಇದೆ. ಇದರಲ್ಲಿ ವಲ್ಪಿನಿಕ್ ಆಮ್ಲ ಹೆಚ್ಚು, ಅದು ವಿಷ. ಎರಡರಲ್ಲೂ ಇರುವ ಮುಖ್ಯ ಶಿಲೀಂಧ್ರವೂ ಶೈವಲವೂ ಒಂದೇ ಎಂದು ಡಿಎನ್‌ಎ ಪರೀಕ್ಷೆಗಳು ಹೇಳಿದವು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಚ್ಚರಿಯ ವರದಿ ಪ್ರಕಟಿಸಿದರು. ಈ ಕಲ್ಲುಹೂಗಳ ಸಿಪ್ಪೆಯಲ್ಲಿ ಬೇರೊಂದು ವರ್ಗದ ಶಿಲೀಂಧ್ರ – ಒಂದು ಬಗೆಯ ಯೀಸ್ಟ್ – ಸೇರಿಕೊಂಡಿತ್ತು. ವಿಷದ ಬಗೆಯಲ್ಲಿ ಅದರ ಪ್ರಮಾಣ ಹೆಚ್ಚಾಗಿತ್ತು. ಯೀಸ್ಟ್ ಹೆಚ್ಚಿರುವಲ್ಲಿ ವಿಷ ಹೆಚ್ಚು ಎಂದರೆ ಯೀಸ್ಟೇ ವಿಷ ತಯಾರಿಸುತ್ತದೆ ಎಂದು ಸಾಧಿಸಿದಂತಲ್ಲ. ಈ ಯೀಸ್ಟ್‌ಗಳು ಎಲ್ಲ ಕಲ್ಲುಹೂಗಳಲ್ಲೂ ಇಲ್ಲ ಎಂದೂ ನಂತರದ ಅಧ್ಯಯನಗಳು ತೋರಿಸಿವೆ. ಆದರೂ ಕಲ್ಲುಹೂ ಬರೀ ಇಬ್ಬರ ಸಂಸಾರ ಎಂಬ ಸರಳ ಚಿತ್ರ ಇದರಿಂದ ಅಲುಗಾಡಿತು. ಕಣ್ಣಿಗೆ ಒಂದೇ ಆಗಿ ಕಂಡದ್ದು ಗುಣದಲ್ಲಿ ಒಂದೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಹೆಸರು ತಪ್ಪಿದರೆ ಏನಾಗುತ್ತದೆ?

ಕಲ್ಲುಹೂವಿಗೆ ಎಲೆಗಿರುವಂಥ ಮೇಣದ ಹೊದಿಕೆಯಿಲ್ಲ, ಮುಚ್ಚಿ ತೆರೆಯುವ ಪತ್ರರಂಧ್ರಗಳಿಲ್ಲ. ಗಾಳಿಯಲ್ಲಿ, ಮಳೆಯಲ್ಲಿ ಬಂದದ್ದೆಲ್ಲ ಒಳಗೆ ಸೇರುತ್ತದೆ. ಗಂಧಕದ ಡೈಆಕ್ಸೈಡ್ ತೇವದಲ್ಲಿ ಕರಗಿ ಆಮ್ಲವಾಗಿ ಶೈವಲದ ಪತ್ರಹರಿತ್ತನ್ನು ಕೆಡಿಸುತ್ತದೆ. ಗಾಳಿಗೆ ಹೆಚ್ಚು ಮೈಯೊಡ್ಡಿ ಜೋತಾಡುವ ಬಗೆಗಳು ಮೊದಲು ಮರೆಯಾಗುತ್ತವೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂಗಳು ನಗರದ ಗಾಳಿಯ ಸ್ಥಿತಿಯನ್ನು ಸೂಚಿಸುತ್ತವೆ ಎಂದು 1866ರಲ್ಲೇ ನೈಲಾಂಡರ್ ಬರೆದಿದ್ದ. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ವಿಜ್ಞಾನಿಗಳು ಮರದ ಮೇಲಿನ ಕಲ್ಲುಹೂಗಳನ್ನು ನೋಡಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಾಳಿಯ ಗಂಧಕದ ಡೈಆಕ್ಸೈಡ್ ಅಂದಾಜು ಮಾಡುವ ಮಾಪಕವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಅತಿ ಶುದ್ಧ ವಲಯದ ಸೂಚಕಗಳಲ್ಲಿ ಅಸ್ನಿಯಗಳಿವೆ.

ಈಗ ಯೋಚಿಸಿ. ತೋಟದಲ್ಲಿ ಯಾರೋ ತೂಗುಹಾಕಿದ ಸ್ಪ್ಯಾನಿಷ್ ಮಾಸ್ ನೋಡಿ 'ಅಸ್ನಿಯ ಇದೆ, ಗಾಳಿ ಶುದ್ಧ' ಎಂದು ವಿದ್ಯಾರ್ಥಿ ಯೋಜನಾ ವರದಿಯಲ್ಲಿ ಬರೆದರೆ? ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ವಿಜಯಪುರದ ಬಯಲಿನಲ್ಲಿ ಅಸ್ನಿಯದ ಜಟೆ ಕಾಣದಿದ್ದರೆ ಅಲ್ಲಿನ ಗಾಳಿ ಮಲಿನ ಎಂದು ಅರ್ಥವಲ್ಲ. ಅದಕ್ಕೆ ಬೇಕಾದ ಮಂಜು, ತೇವ ಅಲ್ಲಿಲ್ಲ. ಒಂದೇ ಹವಾಗುಣದ, ಒಂದೇ ಬಗೆಯ ಮರಗಳಿರುವ ಎರಡು ತಾಣಗಳನ್ನು ಹೋಲಿಸಿದರೆ ಮಾತ್ರ ಕಲ್ಲುಹೂವಿನ ಸಾಕ್ಷ್ಯಕ್ಕೆ ಬೆಲೆ.

ಇನ್ನು ಔಷಧದ ಮಾತು. ಅಸ್ನಿಕ್ ಆಮ್ಲಕ್ಕೆ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆ ಎಂಬುದು ನಿಜ. ಆದರೆ ಅದನ್ನು ಸೇರಿಸಿದ್ದ ತೂಕ ಇಳಿಸುವ ಮಾತ್ರೆಗಳಿಂದ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವರದಿಯಾಗಿ, 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾರ್ವಜನಿಕರಿಗೆ ಎಚ್ಚರಿಕೆ ನೀಡಬೇಕಾಯಿತು. ಕಾಡಿನಿಂದ ತಂದ ಜಟೆಯನ್ನು ಮಸಾಲೆಯ ಕಲ್ಲುಹೂವೆಂದೋ ಮನೆಮದ್ದೆಂದೋ ಬಳಸಬೇಡಿ.

ಕಾಡಿಗೂ ಈ ಜಟೆಗಳು ಬೇಕು. ಹಿಮಾಲಯದ ಕಸ್ತೂರಿ ಮೃಗಕ್ಕೆ, ಚೀನಾದ ಯುನ್ನಾನ್ ಪ್ರಾಂತದ ಮೊಂಡುಮೂಗಿನ ಕೋತಿಗೆ, ಕೆನಡಾದ ಬೆಟ್ಟಗಳ ಕ್ಯಾರಿಬೂ ಜಿಂಕೆಗೆ ಇವು ಆಹಾರ, ಅದರಲ್ಲೂ ಚಳಿಗಾಲದಲ್ಲಿ. ಅಸ್ನಿಯ ಲಾಂಗಿಸ್ಸಿಮ ಹರಡುವುದು ಮುಖ್ಯವಾಗಿ ತುಂಡಾದ ಎಳೆಗಳು ಗಾಳಿಯಲ್ಲಿ ತೇಲಿ ಪಕ್ಕದ ಕೊಂಬೆಗೆ ಸಿಕ್ಕಿಕೊಳ್ಳುವುದರಿಂದ. ಹತ್ತಿರದಲ್ಲಿ ಹಳೆಯ ಮರಗಳಿಲ್ಲದಿದ್ದರೆ ಅದು ದೂರ ದಾಟಲಾರದು. ಹಳೆಯ ಕಾಡುಗಳನ್ನು ಕಡಿದ ಮೇಲೆ ಯುರೋಪಿನ ಬಹುಭಾಗದಿಂದ ಅದು ಕಣ್ಮರೆಯಾದದ್ದಕ್ಕೆ ಇದೂ ಒಂದು ಕಾರಣ.

ನೀವು ಮಾಡಬಹುದಾದದ್ದು

ಮಲೆನಾಡಿನ ಶಾಲೆ, ಕಾಲೇಜುಗಳಿಗೆ ಇದು ಒಳ್ಳೆಯ ಯೋಜನೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ. ಕಾಫಿ ತೋಟದ ನೆರಳುಮರ, ಶಾಲೆಯ ಅಂಗಳದ ಮರಗಳನ್ನು ಆಯ್ದುಕೊಳ್ಳಿ. ಮಳೆಗಾಳಿಗೆ ಬಿದ್ದ ರೆಂಬೆಗಳಲ್ಲೇ ಬೇಕಾದಷ್ಟು ಮಾದರಿ ಸಿಗುತ್ತದೆ, ಮರದಿಂದ ಕೀಳಬೇಕಿಲ್ಲ. ಎಳೆತದ ಪರೀಕ್ಷೆಗೆ 2 ಸೆಂ.ಮೀ. ತುಂಡು ಸಾಕು.

ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಲಕೋಟೆಯ ಮೇಲೆ ದಿನಾಂಕ, ಊರು, ಸಮುದ್ರಮಟ್ಟದಿಂದ ಎತ್ತರ, ಯಾವ ಮರ, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಎಳೆದಾಗ ಏನಾಯಿತು ಎಂಬುದನ್ನು ಬರೆಯಿರಿ. ಪ್ರಭೇದ ತಿಳಿಯಬೇಕೆಂದರೆ ತಜ್ಞರ ನೆರವು ಪಡೆಯಬೇಕು. ಭಾರತದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರು ಲಖನೌದ ಡಿ. ಡಿ. ಅವಸ್ಥಿ. ಅದೇ ನಗರದ ರಾಷ್ಟ್ರೀಯ ಸಸ್ಯವೈಜ್ಞಾನಿಕ ಸಂಶೋಧನಾ ಸಂಸ್ಥೆಯಲ್ಲಿ ಕಲ್ಲುಹೂಗಳ ದೊಡ್ಡ ಸಂಗ್ರಹವಿದೆ. ನಮ್ಮಲ್ಲಿ ಕುವೆಂಪು ವಿಶ್ವವಿದ್ಯಾನಿಲಯದ ಸಂಶೋಧಕರು ಶಿವಮೊಗ್ಗ ಸುತ್ತಲಿನ ಕಾಡುಗಳ ಕಲ್ಲುಹೂಗಳನ್ನು ಅಧ್ಯಯನ ಮಾಡಿದ್ದಾರೆ.

ವಿದ್ಯಾರ್ಥಿಯ ವರದಿಯಲ್ಲಿ 'ಅಸ್ನಿಯ, ಪ್ರಭೇದ ತಿಳಿದಿಲ್ಲ; ಬಿಳಿ ನಡುದಾರವಿದೆ; ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಹಳದಿ, ನಂತರ ಕೆಂಪು' ಎಂದಿದ್ದರೆ ಅದು ಅಪೂರ್ಣ ಉತ್ತರವಲ್ಲ. ಪರೀಕ್ಷೆ ಎಷ್ಟನ್ನು ತೋರಿಸಿತೋ ಅಷ್ಟನ್ನೇ ಹೇಳಿದ ಉತ್ತರ ಅದು. ಪೂರ್ಣ ಅಂಕ ಕೊಡಿ. ಪುಸ್ತಕದ ಚಿತ್ರ ನೋಡಿ ಪ್ರಭೇದದ ಹೆಸರನ್ನು ಊಹಿಸಿ ಬರೆದವರನ್ನು ಮಾತ್ರ, 'ಎಳೆದು ನೋಡಿದೆಯಾ?' ಎಂದು ಕೇಳಿ.